ಹನ್ನೆರಡು ಡಿಗ್ರಿ ವಾಲಿದ ನೆಲ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷಗಳಿಂದ ಗಾಜು ಉಜ್ಜುತ್ತಿದ್ದ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ನೇರಕ್ಕ. ಯಾರ ಮನೆಗೆ ಹೋದರೂ, ಕೂರುವ ಮೊದಲು, ಗೋಡೆಯ ಮೇಲೆ ವಾಲಿದ ಪಟವನ್ನು ಬೆರಳ ತುದಿಯಿಂದ ಮುಟ್ಟಿ ಸರಿಪಡಿಸದಿದ್ದರೆ ಆಕೆಗೆ ಸಮಾಧಾನವಿರುತ್ತಿರಲಿಲ್ಲ. ಆಕೆ ದೂರದಲ್ಲಿ ಕಾಣಿಸಿಕೊಂಡರೆ ಸಾಕು, ಎದುರು ಮನೆಯ ದರ್ಜಿ ತನ್ನ ಗಿರಾಕಿಗಳಿಗೆ, "ನೇರಕ್ಕ ಬರ್ತಿದಾಳೆ, ಬೆನ್ನು ಬಾಗಿದೋರೆಲ್ಲ ಒಳಗೆ ಹೋಗ್ರಪ್ಪಾ" ಎಂದು ಕೂಗುತ್ತಿದ್ದ. ಆಕೆ ನಗುತ್ತಿದ್ದಳು. ಆ ಹೆಸರು ತನಗೆ ತಕ್ಕದ್ದೆಂದು ಆಕೆ ಒಳಗೊಳಗೇ ನಂಬಿದ್ದಳು.

ಕೋಣೆಗೆ ಒಂದೇ ಕಿಟಕಿ. ನೇರ ಬಿಸಿಲು ಎಂದೂ ಬೀಳದ ಆ ಕಿಟಕಿಯಿಂದ ದಿನವಿಡೀ ಹಾಲಿನಂಥ ಬೆಳಕು ಒಳಗಿಳಿದು ಕಬ್ಬಿಣದ ಬಟ್ಟಲುಗಳ ಮೇಲೆ ನಿಂತಿರುತ್ತಿತ್ತು. ಬಟ್ಟಲಿನ ಬಾಗಿದ ಮೈಗೆ ಉಜ್ಜುಪುಡಿಯ ಕೆಸರು ಬಳಿದು, ಅದರ ಮೇಲೆ ಗಾಜಿನ ಬಿಲ್ಲೆಯನ್ನು ಸುತ್ತಿಸುವಾಗ ಏಳುವ ಸದ್ದು ಎಲ್ಲೋ ದೂರದ ದಡಕ್ಕೆ ನೀರು ಬಂದು ಹೋಗುವಂತಿರುತ್ತಿತ್ತು. ಆ ಸದ್ದಿನೊಳಗೆ ಕೂತವರಿಗೆ ಹೊತ್ತು ತಿಳಿಯದು. ಎಚ್ಚರವಿರುತ್ತದೆ, ಆದರೆ ಆ ಎಚ್ಚರದ ಅರ್ಧಭಾಗ ಕನಸೇ ಆಗಿರುತ್ತದೆ. ಬೂದಿಬಣ್ಣದ ನೀರು ತೊಳೆದುಹೋಗಿ ಗಾಜು ತಿಳಿಯಾಗುವ ಗಳಿಗೆಯಲ್ಲಿ, ಇಲ್ಲದ ಒಂದು ವಸ್ತು ಕೈಗೆ ಬಂದಂತೆ ತನಗೆ ಅನ್ನಿಸುತ್ತಿತ್ತೆಂದು ಆಕೆ ಹೇಳುತ್ತಿದ್ದಳು.

ಈ ಕೆಲಸದ ಒಂದು ಅಂಶವನ್ನು ಇಲ್ಲಿ ತಿಳಿಸಬೇಕು. ಕೆಲವರ ಕಣ್ಣು ಚೆಂಡಿನಂತೆ ದುಂಡಗಿರದೆ, ಒಂದು ಬದಿಗೆ ಬೆರಳಿನಿಂದ ಒತ್ತಿದ ಹಾಗಿರುತ್ತದೆ. ಅಂಥವರ ಗಾಜಿಗೆ ಶಕ್ತಿಯ ಜೊತೆಗೆ ದಿಕ್ಕೂ ಇರುತ್ತದೆ. ವೈದ್ಯರು ಚೀಟಿಯಲ್ಲಿ ಆ ದಿಕ್ಕನ್ನು ಡಿಗ್ರಿಗಳಲ್ಲಿ ಬರೆದಿರುತ್ತಾರೆ. ಗಾಜನ್ನು ಚೌಕಟ್ಟಿಗೆ ಕೂರಿಸುವಾಗ ಅದೇ ಡಿಗ್ರಿಗೆ ಕೂರಿಸಬೇಕು. ತಪ್ಪಿದರೆ ಅಕ್ಷರ ಕಂಡರೂ ನೆಟ್ಟಗಿರುವುದೆಲ್ಲ ವಾಲುತ್ತದೆ. ಹೊಸಬರು ಗಾಜಿನ ಹಿಂದುಮುಂದು ನೋಡದೆ ಗುರುತು ಹಾಕಿ ಈ ತಪ್ಪು ಮಾಡುವುದುಂಟು. ನೇರಕ್ಕ ಒಮ್ಮೆಯೂ ಮಾಡಿರಲಿಲ್ಲ. ಅಂಗಡಿಯ ಯಜಮಾನರು ಆಕೆಯ ಕೆಲಸವನ್ನು ದಿಕ್ಕು ಅಳೆಯುವ ಯಂತ್ರದಲ್ಲಿಟ್ಟು ನೋಡುವುದನ್ನೇ ಬಿಟ್ಟು ಇಪ್ಪತ್ತು ವರ್ಷಗಳಾಗಿದ್ದವು.

ಒಂದು ಬೆಳಗ್ಗೆ ಅಂಗಡಿಯ ಮುಂಭಾಗದಿಂದ ಮಾತು ಕೇಳಿಬಂತು. ನಡುಗೋಡೆಯ ಕಿಂಡಿಯಿಂದ ಚೀಟಿಗಳ ಜೊತೆಗೆ ಮಾತುಗಳೂ ಒಳಗೆ ಬರುತ್ತಿದ್ದವು.

"ಅಕ್ಷರ ಎಲ್ಲಾ ಇರುವೆ ಸಾಲು ಹೋದ ಹಾಗೆ ಹೋಗ್ತವೆ ಸ್ವಾಮಿ. ಹಿಡಿಯೋಣ ಅಂದ್ರೆ ಸಿಗಲ್ಲ."

"ಹಳೇ ಕನ್ನಡಕ ಏನಾಯ್ತು ಹಿರಿಯರೇ?" ಎಂದು ಯಜಮಾನರು ಕೇಳಿದರು.

"ಮೊಮ್ಮಗಳು ಅದರ ಮೇಲೇ ಕೂತ್ಕೊಂಡ್ಳು. ಕೇಳಿದ್ರೆ, ಬೆಕ್ಕು ಕೂತಿದ್ದು ಅಂತಾಳೆ! ನಮ್ಮನೇಲಿ ಬೆಕ್ಕೇ ಇಲ್ಲ. ನನ್ನ ಎರಡು ಕಣ್ಣಾರೆ ಕಂಡಿದೀನಿ, ನನಗೇ ಸುಳ್ಳು."

ಯಜಮಾನರು ನಕ್ಕರು. ಒಳಗೆ ನೇರಕ್ಕನ ಕೈ ನಿಂತಿತು. 'ಕಣ್ಣಾರೆ' ಎಂಬುದರ ನಡುವಿನ ಅಕ್ಷರವನ್ನು ಅಷ್ಟು ಉದ್ದಕ್ಕೆ ಎಳೆಯುವ ದನಿಯನ್ನು ಆಕೆ ಜೀವಮಾನದಲ್ಲಿ ಇನ್ನೊಂದೇ ಸಲ ಕೇಳಿದ್ದಳು, ಇಪ್ಪತ್ತೆರಡು ವರ್ಷಗಳ ಹಿಂದೆ, ನ್ಯಾಯಾಲಯದ ಕಟಕಟೆಯಿಂದ. ಕಿಂಡಿಯಲ್ಲಿ ಬಗ್ಗಿ ನೋಡಿದಳು. ಕೂದಲು ಉದುರಿತ್ತು, ಹೆಗಲು ಇಳಿದಿತ್ತು. ಆದರೂ ಅವನೇ, ಹತ್ತಿಯ ಗೋದಾಮಿನ ಕಾವಲುಗಾರ.

ಆ ಗೋದಾಮಿಗೆ ಒಂದು ಸಂಜೆ ಬೆಂಕಿ ಬಿದ್ದಿತ್ತು. ನೇರಕ್ಕನ ತಮ್ಮ ಆಗ ಅಲ್ಲಿ ಮೂಟೆ ಎಣಿಸುವ ಕೆಲಸದಲ್ಲಿದ್ದ, ಇಪ್ಪತ್ಮೂರು ವರ್ಷದವನು. ಬೆಂಕಿ ಹೊತ್ತಿದ ಹೊತ್ತಿಗೆ ಅವನು ಇದೇ ಹಿಂದಿನ ಕೋಣೆಯಲ್ಲಿ, ಅಕ್ಕನ ಎದುರಿನ ಮಣೆಯ ಮೇಲೆ ಕೂತು, ಹರಟುತ್ತಾ ಅವಳ ಊಟದ ಡಬ್ಬಿಯಲ್ಲಿ ಉಳಿದದ್ದನ್ನು ತಿನ್ನುತ್ತಿದ್ದ. ಆದರೆ ಕಾವಲುಗಾರ, ಅವನು ಲಾಂದ್ರ ಹಿಡಿದು ಗೋದಾಮಿನ ಹಿಂಬಾಗಿಲಿನಿಂದ ಹೊರಬಂದದ್ದನ್ನು ತನ್ನ ಎರಡು ಕಣ್ಣಾರೆ ಕಂಡೆನೆಂದು ಹೇಳಿದ. ನೇರಕ್ಕ ಹೇಳಿದ್ದಕ್ಕೆ ಸಿಕ್ಕ ಉತ್ತರ, ಅಕ್ಕನಾದವಳು ತಮ್ಮನ ಪರವಾಗಿ ಹೇಳುವುದು ಸಹಜ, ಎಂಬ ಒಂದು ಸಾಲು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎನ್ನುತ್ತಾರೆ ಹಿರಿಯರು. ಅಲ್ಲಿ ಕಾಣದ್ದನ್ನೂ ಯಾರೂ ಪ್ರಮಾಣಿಸಿ ನೋಡಲಿಲ್ಲ. ತಮ್ಮನಿಗೆ ನಾಲ್ಕು ವರ್ಷ ಸೆರೆಯಾಯಿತು. ಮೂರನೆಯ ವರ್ಷದಲ್ಲಿ ತಾಯಿ ತೀರಿಕೊಂಡಳು. ಹೊರಬಂದವನು ಮತ್ತೆ ಯಾರ ಕೈಕೆಳಗೂ ದುಡಿಯಲೊಲ್ಲೆನೆಂದು, ಒಳಗೆ ಕಲಿತಿದ್ದ ಬೆತ್ತದ ಕುರ್ಚಿ ಹೆಣೆಯುವ ಕೆಲಸವನ್ನು ಮನೆಯಲ್ಲೇ ಹಿಡಿದ.

ಕಿಂಡಿಯಿಂದ ಚೀಟಿ ಒಳಗೆ ಬಂತು. ಎರಡೂ ಕಣ್ಣಿಗೆ ದಿಕ್ಕಿನ ಗಾಜು ಬೇಕಿತ್ತು.

ನೇರಕ್ಕ ಆವೇಶದಿಂದ ಏನನ್ನೂ ಮಾಡಲಿಲ್ಲ. ಅದು ಆಕೆಯ ಜಾಯಮಾನವಲ್ಲ. ಎರಡು ದಿನ ಗಾಜು ಉಜ್ಜುತ್ತಲೇ ಯೋಚಿಸಿದಳು. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ; ಆದರೆ ನೀರು ಬಡಿಸಬೇಕಾದವರು ಎಲೆ ಎತ್ತಿ ಕೈ ತೊಳೆದುಕೊಂಡು ಹೋಗಿದ್ದರೆ? ತಟ್ಟಲು ಯಾವ ಬಾಗಿಲೂ ಉಳಿದಿರಲಿಲ್ಲ. ಇದ್ದ ಒಂದೇ ಒಂದು ಬಾಗಿಲು ತನ್ನ ಎರಡು ಬೆರಳುಗಳ ನಡುವೆ, ಅಂಗುಲದಷ್ಟಗಲದ ಗಾಜಾಗಿ ನಿಂತಿತ್ತು. ಕಾಣದ್ದನ್ನು ಕಂಡೆ ಎಂದವನಿಗೆ ಇರುವುದು ಇದ್ದ ಹಾಗೆ ಕಾಣದಿರಲಿ, ಇದರಲ್ಲಿ ಅನ್ಯಾಯವೇನು? ನ್ಯಾಯಾಲಯ ಶಿಕ್ಷೆಯನ್ನು ತಪ್ಪು ವಿಳಾಸಕ್ಕೆ ಕಳಿಸಿತ್ತು; ತಾನು ಸರಿಯಾದ ವಿಳಾಸಕ್ಕೆ ಕಳಿಸುತ್ತಿದ್ದೇನೆ, ಅಷ್ಟೆ.

ಇನ್ನು ಪ್ರಮಾಣದ ಪ್ರಶ್ನೆ. ಕಸುಬಿನವಳಾದ ಆಕೆ ಅದನ್ನೂ ಅಳೆದಳು. ಐದಾರು ಡಿಗ್ರಿ ಸಾಲದು, ಗೊಣಗಿಕೊಂಡೇ ದಿನ ಕಳೆದುಬಿಡುತ್ತಾನೆ. ಇಪ್ಪತ್ತು ಹೆಚ್ಚಾಯಿತು, ಬಿದ್ದುಬಿಡುತ್ತಾನೆ. ಬೀಳಬಾರದು, ವಾಲಬೇಕು. ಕೊನೆಗೆ ವರ್ಷಕ್ಕೆ ಮೂರು ಡಿಗ್ರಿಯಂತೆ ನಾಲ್ಕು ವರ್ಷಕ್ಕೆ ಹನ್ನೆರಡು ಎಂದು ತೀರ್ಮಾನಿಸಿ, ಎರಡೂ ಗಾಜುಗಳನ್ನು ಒಂದೇ ಕಡೆಗೆ ಹನ್ನೆರಡು ಡಿಗ್ರಿ ತಿರುಗಿಸಿ ಕೂರಿಸಿದಳು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ತಾನು ಅದಕ್ಕೆ ಮೊದಲು ಮಾಡಿರಲಿಲ್ಲವೆಂದು ಆಕೆ ಹೇಳುತ್ತಿದ್ದುದರಲ್ಲಿ ಹೆಮ್ಮೆಯೂ ನಾಚಿಕೆಯೂ ಬೇರೆಬೇರೆಯಾಗಿ ಕೇಳಿಸುತ್ತಿದ್ದವು.

ಕನ್ನಡಕ ಒಯ್ದ ನಾಲ್ಕನೆಯ ದಿನ ಅವನು ಗೋಡೆ ಹಿಡಿದುಕೊಂಡು ಬಂದ.

"ಬೀದಿ ಎಲ್ಲಾ ಎಡಗಡೆಗೆ ಜಾರ್ತಾ ಇದೆ ಸ್ವಾಮಿ. ಮೇಜಿನ ಮೇಲೆ ಲೋಟ ಇಟ್ರೆ ಉರುಳಿಹೋಗುತ್ತೇನೋ ಅಂತ ಕೈಯಲ್ಲಿ ಹಿಡ್ಕೊಂಡೇ ಕೂತಿರ್ತೀನಿ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದರು ಯಜಮಾನರು.

"ಕುಣಿಯೋ ವಯಸ್ಸಲ್ಲೂ ನಾನು ಕುಣಿದೋನಲ್ಲ ಬಿಡಿ. ಈಗ ನೆಲವೇ ನನ್ನನ್ನ ಕುಣಿಸ್ತಾ ಇದೆ."

ನೇರಕ್ಕ ಹೊರಗೆ ಬಂದು ಕನ್ನಡಕವನ್ನು ಒಳಗೊಯ್ದಳು. ಒರೆಸಿದಳು. ನೂರರವರೆಗೆ ಎಣಿಸಿದಳು. ಹಾಗೆಯೇ ತಂದು ಕೊಟ್ಟಳು.

"ಹೊಸ ಗಾಜು. ಹದಿನೈದು ದಿನ ಬೇಕು. ಕಣ್ಣು ಒಗ್ಗಿಕೊಳ್ಳುತ್ತೆ."

"ನೀವು ಹೇಳಿದ ಮೇಲೆ ಆಯ್ತಮ್ಮ. ನಿಮ್ಮ ಹೆಸರು ಕೇಳ್ಕೊಂಡೇ ಈ ಅಂಗಡಿಗೆ ಬಂದಿದ್ದು ನಾನು." ಅವನು ಮುಖವೆತ್ತಿ ಆಕೆಯನ್ನು ನೋಡಿದ. ಗುರುತು ಹತ್ತಲಿಲ್ಲ.

ಅವನು ಹೋದ ಮೇಲೆ, ಅವನಿಗೆ ಏನು ಕಾಣುತ್ತಿದೆ ಎಂದು ತಿಳಿಯುವ ಆಸೆ ಆಕೆಯನ್ನು ಬಿಡಲಿಲ್ಲ. ಉಳಿದಿದ್ದ ಗಾಜುಗಳಿಂದ, ತನ್ನ ಕಣ್ಣಿಗೆ ಅದೇ ವಾಲು ಬರುವಂತೆ ಲೆಕ್ಕಹಾಕಿ ಒಂದು ಜೊತೆ ಕೂರಿಸಿಕೊಂಡು, ಮಧ್ಯಾಹ್ನ ಅದನ್ನೇ ಧರಿಸಿ ಮನೆಗೆ ಹೊರಟಳು.

ಮೂವತ್ತೊಂದು ವರ್ಷ ನಡೆದ ಬೀದಿ ಆ ಮಧ್ಯಾಹ್ನ ಬೇರೆಯಾಗಿತ್ತು. ಮನೆಗಳೆಲ್ಲ ಒಂದೇ ಕಡೆಗೆ ಮೆಲ್ಲಗೆ ಒರಗಿ, ನಿದ್ದೆಗೆ ಇಳಿಯುತ್ತಿರುವ ಜನರ ಸಾಲಿನಂತೆ ಒಂದರ ಹೆಗಲಿಗೆ ಒಂದು ತಲೆಯಿಟ್ಟಿದ್ದವು. ಹಾಸುಗಲ್ಲುಗಳು ಗುಡ್ಡದ ಇಳಿಜಾರಾಗಿ ಹರಿಯುತ್ತಿದ್ದವು. ಕಾಲಿಟ್ಟರೆ ಗುಡ್ಡವಿಲ್ಲ, ಬರಿಯ ಸಮನೆಲ. ಎದುರಿಗೆ ಬಂದವರು ಬೀಳುವಂತೆ ವಾಲಿಕೊಂಡು ಬಂದು, ಬೀಳದೆ, ನಗುನಗುತ್ತಾ ದಾಟಿಹೋಗುತ್ತಿದ್ದರು. ಬಾವಿಯ ತಳದಲ್ಲಿ ನಡೆದಂತೆ ಎಲ್ಲವೂ ನಿಧಾನ, ಎಲ್ಲವೂ ಮೆದು. ಹೆದರಿಕೆಯಾಗಬೇಕಿತ್ತು, ಆದರೆ ಆಕೆಗೆ ಒಂದು ಬಗೆಯ ಸುಖವಾಯಿತು. ಇಡೀ ಲೋಕವೇ ತನ್ನ ಕೈಯಿಂದ ತಿರುಗಿದೆ. ಆ ಸುಖ ಗೊತ್ತಾದ ಮರುಗಳಿಗೆಯೇ ಆಕೆ ವಿದ್ಯುತ್ ಕಂಬವೊಂದನ್ನು ಅಪ್ಪಿ ನಿಂತಳು. ಶಿಕ್ಷೆ ಕೊಡುವವರಿಗೆ ಸುಖವಾಗಬಾರದಲ್ಲ ಎಂಬ ಯೋಚನೆ ಎಲ್ಲಿಂದಲೋ ಬಂದಿತ್ತು.

ಎರಡನೆಯ ಮಹಡಿಯ ಮನೆಯಲ್ಲಿ ತಮ್ಮ ಬಾಗಿಲಿಗೆ ಬೆನ್ನು ಮಾಡಿ ಕುರ್ಚಿ ಹೆಣೆಯುತ್ತಿದ್ದ. ಹೆಜ್ಜೆಯ ಸದ್ದಿಗೆ ತಿರುಗಿ ನೋಡಿ ನಕ್ಕುಬಿಟ್ಟ.

"ಏನಕ್ಕಾ ಇದು, ದೋಣಿ ಹತ್ತಿದ ಮೇಕೆ ಥರ ಬರ್ತಿದೀಯ?"

ಆಕೆ ಕನ್ನಡಕ ತೆಗೆದು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಅವನ ಕೈ ನಿಲ್ಲಲಿಲ್ಲ. ಬೆತ್ತದ ಎಳೆ ಒಂದರ ಮೇಲೊಂದು ಹಾಯುತ್ತಲೇ ಇತ್ತು. ಕೊನೆಗೆ ಕೇಳಿದ:

"ಯಾಕೆ ವಾಲ್ತಿದೆ ಅಂತ ಅವನಿಗೆ ಗೊತ್ತಾ?"

"ಇಲ್ಲ."

"ಹಾಗಾದ್ರೆ ಅದು ಶಿಕ್ಷೆ ಹೇಗಾಗುತ್ತೆ? ಮೆಟ್ಟಿಲು ಕಟ್ಟಿದ ಮೇಸ್ತ್ರಿನ ಬೈಕೊಂಡು ಓಡಾಡ್ತಾನೆ, ಅಷ್ಟೇ."

"ನಿನಗೋಸ್ಕರ ಮಾಡಿದ್ದು ಕಣೋ."

"ನನಗೋಸ್ಕರವಾ? ನನ್ನನ್ನ ಕೇಳಿದ್ಯಾ? ನಾಲ್ಕು ವರ್ಷ ಕಳೆದದ್ದು ನಾನು. ಸೇಡು ತೀರಿಸ್ಕೊಂಡೋಳು ನೀನು. ಮದುವೆ ನಂದು, ಊಟ ನಿಂದು ಅಂದ ಹಾಗಾಯ್ತು."

ಆಕೆಗೆ ಸಿಟ್ಟು ಬಂತು. "ಕ್ಷಮಿಸಿಬಿಡು ಅಂತೀಯಾ ಹಾಗಾದ್ರೆ?"

"ನಾನ್ಯಾವಾಗ ಹಾಗಂದೆ? ನಾನು ಕ್ಷಮಿಸಿಲ್ಲ, ಕ್ಷಮಿಸೋದೂ ಇಲ್ಲ. ಅದೊಂದು ನನ್ನ ಸ್ವಂತ ಆಸ್ತಿ, ಯಾರಿಗೂ ಕೊಡಲ್ಲ." ಅವನು ಬೆತ್ತವನ್ನು ನೀರಿಗೆ ಅದ್ದಿದ. "ಒಳಗಿದ್ದಾಗ ಮೊದಲನೇ ವರ್ಷ ಯಾವುದು ಕಷ್ಟ ಆಗಿತ್ತು ಗೊತ್ತಾ? ಕಲ್ಲು ಹೊರೋದಲ್ಲ. ಯಾಕೆ ಅಂತ ಗೊತ್ತಿಲ್ಲದೇ ಇದ್ದದ್ದು. ನಾನೇ ಏನೋ ಮಾಡಿದೀನಿ, ಮರೆತುಹೋಗಿದೆ ಅಂತ ಅನ್ನಿಸೋಕೆ ಶುರುವಾಗಿತ್ತು. ನೀನು ಹನ್ನೆರಡು ಡಿಗ್ರಿ ಅಳೆದು ಕೊಟ್ಟೆ ಅಂದ್ಕೊಂಡಿದೀಯ. ಅಳತೆ ಇಲ್ಲದ್ದನ್ನೇ ಕೊಟ್ಟಿದೀಯ ಅಕ್ಕಾ."

"ಏನು ಮಾಡ್ಲಿ ಹೇಳು."

"ಹೇಳಿಬಿಡು ಅವನಿಗೆ. ನೀನು ಮಾಡಿದ್ದು ನ್ಯಾಯ ಆಗಿದ್ರೆ ಬಾಯಿಬಿಟ್ಟು ಹೇಳೋಕೆ ಬರಬೇಕು. ಹೇಳೋಕೆ ಆಗದೇ ಇದ್ರೆ, ಅವನ ಸಾಕ್ಷಿಗೂ ನಿನ್ನ ಗಾಜಿಗೂ ಏನು ವ್ಯತ್ಯಾಸ?"

ಹೇಳುವುದೆಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಬೇಕೆಂದೇ ಗಾಜು ಕೆಡಿಸಿದವಳನ್ನು ಯಾವ ಅಂಗಡಿಯೂ ಇಟ್ಟುಕೊಳ್ಳದು. ಐವತ್ತರ ಹತ್ತಿರ ಬಂದವಳಿಗೆ ಬೇರೆ ಕೆಲಸ ಬಾರದು. ಕೆಲಸದ ಮಾತು ಹಾಗಿರಲಿ, ಬೀದಿ ಕೊಟ್ಟ ಆ ಹೆಸರು ಹೋದರೆ ತಾನು ಯಾರು? ಹನ್ನೊಂದು ದಿನ ಆಕೆ ಇದನ್ನೇ ಉಜ್ಜಿದಳು. ಬಟ್ಟಲಿನ ಸದ್ದಿನಲ್ಲಿ ಒಮ್ಮೆ ತಮ್ಮನ ದನಿ, ಒಮ್ಮೆ ತಾಯಿಯ ದನಿ ಬಂದುಹೋಗುತ್ತಿತ್ತು. ತಾಯಿ ಏನನ್ನೂ ಹೇಳುತ್ತಿರಲಿಲ್ಲ. ಹೆಸರು ಹಿಡಿದು ಕರೆಯುತ್ತಿದ್ದಳು, ಅಷ್ಟೆ.

ಹದಿನಾರನೆಯ ದಿನ ಕಾವಲುಗಾರ ಗೋಡೆ ಹಿಡಿಯದೆ, ನೆಟ್ಟಗೆ ನಡೆದು ಬಂದ. ಮುಖದಲ್ಲಿ ಬೆಳಕಿತ್ತು.

"ನೀವು ಹೇಳಿದ ಹಾಗೇ ಆಯ್ತಮ್ಮ! ಒಗ್ಗಿಹೋಯ್ತು. ಈಗ ಕನ್ನಡಕ ತೆಗೆದ್ರೇನೇ ಲೋಕ ಡೊಂಕು. ಹೇಳಿಹೋಗೋಣ ಅಂತ ಬಂದೆ, ನಿಮ್ಮ ಕೈ ಚೆನ್ನಾಗಿರ್ಲಿ."

ದನಿ ಕೇಳಿ ನೇರಕ್ಕ ಹೊರಗೆ ಬಂದಿದ್ದಳು. ಏನೂ ಆಗಿಲ್ಲವೆಂಬಂತೆ ಎಲ್ಲವೂ ಮುಚ್ಚಿಹೋಗಿತ್ತು. ತಾನು ಬಾಯಿಬಿಡದಿದ್ದರೆ ಯಾರಿಗೂ ಯಾವ ನಷ್ಟವೂ ಇಲ್ಲ; ಕೆಲಸ, ಹೆಸರು, ಅವನ ಹರಕೆ ಎಲ್ಲವೂ ತನ್ನದೇ. ಆಕೆ ಕಟ್ಟೆಯ ಅಂಚನ್ನು ಹಿಡಿದುಕೊಂಡಳು.

"ಚೆನ್ನಾಗಿಲ್ಲ ನನ್ನ ಕೈ. ನಿಮ್ಮ ಗಾಜನ್ನ ನಾನು ಬೇಕು ಅಂತಲೇ ಓರೆ ಕೂರಿಸಿದೀನಿ. ನಾನು ಆ ಹತ್ತಿ ಗೋದಾಮಿನಲ್ಲಿದ್ದ ಹುಡುಗನ ಅಕ್ಕ."

ಲೆಕ್ಕ ಬರೆಯುತ್ತಿದ್ದ ಯಜಮಾನರ ಲೇಖನಿ ನಿಂತಿತು. ಮುದುಕ ಇನ್ನೂ ನಗುತ್ತಲೇ ಇದ್ದ. ನಗು ಮುಖದಿಂದ ಇಳಿಯಲು ಹೊತ್ತು ಹಿಡಿಯಿತು.

"ಯಾವ ಹುಡುಗ?"

ಮರೆತಿದ್ದ. ಆಕೆ ನೆನಪಿಸಿದಳು: ಬೆಂಕಿ, ಲಾಂದ್ರ, ಹಿಂಬಾಗಿಲು, ನಾಲ್ಕು ವರ್ಷ. ಅವನು ಕನ್ನಡಕ ತೆಗೆದು ಕಟ್ಟೆಯ ಮೇಲಿಟ್ಟ. ಮೊದಲು ಬಂದದ್ದು ಕೋಪ.

"ಮೊಮ್ಮಗಳನ್ನ ಎತ್ಕೊಂಡು ದಿನಾ ಮೆಟ್ಟಿಲು ಇಳೀತೀನಿ ನಾನು. ಮೂರು ವರ್ಷದ ಮಗು! ಬಿದ್ದಿದ್ರೆ?"

ನೇರಕ್ಕ ಎಲ್ಲವನ್ನೂ ಅಳೆದಿದ್ದಳು, ಅವನ ತೋಳಿನಲ್ಲಿ ಇನ್ನೊಂದು ಜೀವವಿರಬಹುದೆಂಬುದನ್ನು ಅಳೆದಿರಲಿಲ್ಲ. "ಅದು ನನ್ನ ತಪ್ಪು" ಎಂದಳು. "ಅದಕ್ಕೆ ನಾನು ಏನೂ ಹೇಳೋ ಹಾಗಿಲ್ಲ. ಆದ್ರೆ ನೀವು ಅವತ್ತು ಏನು ಕಂಡ್ರಿ, ಅದನ್ನ ಹೇಳಿ."

ಅವನು ಸ್ಟೂಲಿನ ಮೇಲೆ ಕುಸಿದ.

"ಮೊದಮೊದಲು ಗೊತ್ತಿತ್ತಮ್ಮ, ನಾನು ಏನೂ ಕಂಡಿಲ್ಲ ಅಂತ. ಮಲಗಿದ್ರೆ ಎದೆ ಬಡ್ಕೊಳ್ಳೋದು. ಆಮೇಲೆ ಹೇಳೀ ಹೇಳೀ ಅದು ಹಾಗೇ ಒಗ್ಗಿಹೋಯ್ತು. ಈಗ ಕಣ್ಣು ಮುಚ್ಚಿದ್ರೆ ಅವನು ಕಾಣ್ತಾನೆ, ಲಾಂದ್ರ ಹಿಡ್ಕೊಂಡು. ಲಾಂದ್ರದ ಗಾಜು ಒಂದು ಕಡೆ ಒಡೆದಿದೆ. ಅದು ಕೂಡ ಕಾಣುತ್ತೆ."

ಹೊರಗೆ ಯಾರದೋ ಕೈಗಾಡಿ ಕಲ್ಲಿನ ಮೇಲೆ ಉರುಳಿಕೊಂಡು ಹೋಯಿತು.

"ನನ್ನ ತಮ್ಮನ ಮುಂದೆ ಹೇಳ್ತೀರಾ ಇದನ್ನ?" ಎಂದಳು ನೇರಕ್ಕ. "ಹೇಳಿ, ಹೇಳದೇ ಇರಿ, ಗಾಜು ಸರಿಮಾಡಿ ಕೊಡ್ತೀನಿ. ಅದಕ್ಕೂ ಇದಕ್ಕೂ ಗಂಟು ಹಾಕಲ್ಲ."

ಅವನು ಕನ್ನಡಕವನ್ನು ಆಕೆಯ ಕಡೆಗೆ ಸರಿಸಿದ. ಯಜಮಾನರು ಎದ್ದು ಮೂಲೆಯ ಯಂತ್ರದ ಮೇಲಿನ ಬಟ್ಟೆ ತೆಗೆದು ಧೂಳು ಊದಿದರು.

"ಇವತ್ತಿನಿಂದ ಒಂದು ವರ್ಷ, ನೀನು ಮಾಡಿದ ಒಂದೊಂದು ಗಾಜನ್ನೂ ಗಿರಾಕಿ ಎದುರಿಗೇ ಇದರಲ್ಲಿಟ್ಟು ನೋಡ್ತೀನಿ. ಯಾಕೆ ಅಂತ ಅವರು ಕೇಳಿದ್ರೆ ನೀನೇ ಹೇಳ್ಬೇಕು. ಒಪ್ಪಿದ್ರೆ ಇರು, ಇಲ್ಲಾಂದ್ರೆ ಹೊರಡು."

"ಒಪ್ಪಿದೆ" ಎಂದಳು. ತನ್ನ ಜೀವನದಲ್ಲಿ ತಾನು ಕಂಡ ಶಿಕ್ಷೆಗಳಲ್ಲಿ ಎಲ್ಲ ರೀತಿಯಿಂದಲೂ ಸರಿಯಾಗಿದ್ದದ್ದು ಅದೊಂದೇ ಎಂದು ಆಕೆ ನಂತರ ಹೇಳುತ್ತಿದ್ದಳು. ಯಾತಕ್ಕೆ ಎಂಬುದು ಗೊತ್ತಿತ್ತು, ಎಷ್ಟು ದಿನ ಎಂಬುದೂ ಗೊತ್ತಿತ್ತು. ಕೊಟ್ಟವರಿಗೆ ಅದರಿಂದ ಸಂತೋಷವಾಗಿರಲಿಲ್ಲ. ವರ್ಷವಿಡೀ ಗಿರಾಕಿಗಳು ಕೇಳಿದರು. ವರ್ಷವಿಡೀ ಆಕೆ ಹೇಳಿದಳು. ದರ್ಜಿ ಮಾತ್ರ ಒಂದು ದಿನವೂ ಕೇಳಲಿಲ್ಲ, ಕೂಗುವುದನ್ನೂ ನಿಲ್ಲಿಸಿಬಿಟ್ಟ. ಅದು ಯಂತ್ರಕ್ಕಿಂತ ಹೆಚ್ಚು ನೋಯಿಸಿತು.

ಸರಿಯಾದ ಗಾಜು ಎರಡು ದಿನದಲ್ಲಿ ಸಿದ್ಧವಾಯಿತು. ಧರಿಸಿದೊಡನೆ ಮುದುಕನಿಗೆ ಲೋಕ ಮತ್ತೆ ವಾಲಿತು, ಈ ಸಲ ಬಲಗಡೆಗೆ. ಡೊಂಕಿಗೆ ಒಗ್ಗಿದ ಕಣ್ಣಿಗೆ ನೇರವೇ ಡೊಂಕು. ಅವನು ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತು, "ಎಲ್ಲಿದೆ ನಿಮ್ಮ ಮನೆ?" ಎಂದ.

ತಮ್ಮ ಅವನಿಗೆ ತಾನು ಆಗತಾನೆ ಹೆಣೆದು ಮುಗಿಸಿದ ಕುರ್ಚಿಯನ್ನೇ ಕೊಟ್ಟು, ತಾನು ನೆಲದ ಮೇಲೆ ಕೂತು ಇನ್ನೊಂದನ್ನು ಕೈಗೆತ್ತಿಕೊಂಡ. ಬೆಳಗಿನ ಬಿಸಿಲು ಬೆತ್ತದ ಕಣ್ಣುಗಳಿಂದ ಜಿನುಗಿ ನೆಲದ ಮೇಲೆ ಸಣ್ಣ ಸಣ್ಣ ಬಿಲ್ಲೆಗಳಾಗಿ ಬಿದ್ದಿತ್ತು.

"ಬೆಂಕಿ ಬಿದ್ದಾಗ ಎಲ್ಲಿದ್ರಿ?" ಎಂದು ಕೇಳಿದ.

"ಮಲಗಿದ್ದೆ. ಗೇಟಿನ ಪಕ್ಕದ ಕೋಣೇಲಿ ನಿದ್ದೆ ಹೊಡೀತಿದ್ದೆ. ಹೊಗೆ ಮೂಗಿಗೆ ಬಡಿದ ಮೇಲೇ ಎಚ್ಚರ ಆಗಿದ್ದು. ಗೋದಾಮಿನ ಧಣಿ ಕರೆದು ಕೇಳಿದ್ರು, ಒಂದೋ ನೀನು ಯಾರನ್ನಾದ್ರೂ ಕಂಡಿರಬೇಕು, ಇಲ್ಲಾ ನಿದ್ದೆ ಮಾಡಿರಬೇಕು, ಎರಡರಲ್ಲಿ ಯಾವುದು ಅಂತ. ಕಂಡೆ ಅಂದೆ. ಯಾರನ್ನ ಅಂದ್ರು. ನಾನು ಸುಮ್ಮನಿದ್ದೆ. ಹೆಸರು ಅವರೇ ಹೇಳಿದ್ರು. ಬಕೆಟ್ಟಿನಲ್ಲಿ ನೀರಿಲ್ಲ, ಬೆಂಕಿ ಬಿದ್ರೆ ಏನು ಗತಿ ಅಂತ ನೀವು ಹಿಂದಿನ ವಾರ ಅವರ ಹತ್ರ ಜಗಳ ಆಡಿದ್ರಲ್ಲ, ಅದಕ್ಕೇ."

ತಮ್ಮನ ಕೈ ನಿಂತಿತು. "ಇನ್ನೊಂದ್ಸಲ ಹೇಳಿ. ಮೊದಲಿಂದ."

ಅವನು ಹೇಳಿದ.

"ಇನ್ನೊಂದ್ಸಲ."

ಮೂರನೆಯ ಸಲ ದನಿ ಬಹಳ ಮೆಲ್ಲಗಾಗಿತ್ತು. ಮಲಗಿದ್ದೆ ಎಂಬಲ್ಲಿಗೆ ಬಂದಾಗ ಮುದುಕ ತಡೆದು, ಕಣ್ಣು ಮುಚ್ಚಿ ನೋಡಿ, ಮತ್ತೆ ಮುಂದುವರಿದ. ಕೇಳುತ್ತಾ ಕೇಳುತ್ತಾ ತಮ್ಮನ ಮುಖ ತನ್ನ ಕಣ್ಣೆದುರಿಗೇ ಇಪ್ಪತ್ಮೂರಕ್ಕೆ ಇಳಿದು ಮತ್ತೆ ನಲವತ್ತೈದಕ್ಕೆ ಏರಿದಂತೆ ನೇರಕ್ಕನಿಗೆ ಕಂಡಿತು.

"ಕಾಗದದಲ್ಲಿ ಬರೆದು ಕೊಡ್ಲಾ?" ಎಂದು ಮುದುಕ ಕೇಳಿದ. "ಯಾರ ಮುಂದೆ ಬೇಕಾದ್ರೂ ರುಜು ಹಾಕ್ತೀನಿ."

"ಕಾಗದಕ್ಕೆ ಬೇಡ. ನನ್ನ ಕಿವಿಗೆ ಬೇಕಿತ್ತು. ಸಾಕು, ಇನ್ನು ಹೋಗಿ. ಮತ್ತೆ ಬರಬೇಡಿ." ತಮ್ಮ ಬೆತ್ತದ ಎಳೆಯನ್ನು ಎತ್ತಿಕೊಂಡು, ತಲೆ ಎತ್ತದೆ ಸೇರಿಸಿದ: "ಅಕ್ಕಾ, ಅವರಿಗೆ ಮೆಟ್ಟಿಲು ಸರಿಯಾಗಿ ಕಾಣಲ್ಲ."

ನೇರಕ್ಕ ಮುದುಕನ ಮೊಣಕೈ ಹಿಡಿದಳು. ಹಗುರವಾದ, ಒಣಗಿದ ಮೊಣಕೈ. ಮೆಟ್ಟಿಲುಗಳು ಅವನ ಪಾಲಿಗೆ ಬಲಕ್ಕೆ ಹರಿದುಹೋಗುತ್ತಿದ್ದವು. ಪಾದ ಗಾಳಿಯಲ್ಲಿ ಕಲ್ಲನ್ನು ಹುಡುಕುತ್ತಿತ್ತು. ಆಕೆ ಒಂದೊಂದನ್ನೂ ಗಟ್ಟಿಯಾಗಿ ಎಣಿಸುತ್ತಾ ಇಳಿಸಿದಳು. ನಡುವಿನ ತಿರುವಿನಲ್ಲಿ ಅವನು ಉಸಿರು ತೆಗೆದುಕೊಳ್ಳಲು ನಿಂತ.

"ಅವರು ಕ್ಷಮಿಸಿದ್ರಾ?"

"ಇಲ್ಲ."

"ನೀವು?"

"ಕಾಲು ನೋಡಿ ಇಡಿ" ಎಂದಳು ನೇರಕ್ಕ. "ಇನ್ನೂ ಒಂಬತ್ತಿದೆ."